ಹಸೆಗೋಡೆ ಇಲ್ಲದ ಮನೆ

ಸಾಗರದ ಡೆಕೊರೇಷನ್ ಅಂಗಡಿಯ ಹುಡುಗ ಮೊಬೈಲನ್ನು ನನ್ನ ಮುಂದೆ ಹಿಡಿದು, "ಇದು ನೋಡಿ ಮೇಡಂ, ಟ್ರೆಡಿಷನಲ್ ಥೀಮ್. ನಿಮ್ಮ ಕಡೆಯವರದ್ದೇ ಚಿತ್ತಾರ" ಅಂದ. ಕಂದು ಬಣ್ಣದ ಬಟ್ಟೆಯ ಮೇಲೆ ಎರಡೆರಡು ತ್ರಿಕೋನ ಸೇರಿಸಿ ಮಾಡಿದ ಮನುಷ್ಯರು ಸುರುಳಿಯಾಗಿ ಕುಣಿಯುತ್ತಿದ್ದರು. ಅದು ವಾರ್ಲಿ. ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ಆದಿವಾಸಿಗಳದ್ದು.

ನನಗೆ ತಡೆಯಲಾಗಲಿಲ್ಲ. ಇದು ಚಿತ್ತಾರ ಅಲ್ಲ, ನಮ್ಮ ದೀವರ ಹಸೆ ಚಿತ್ತಾರದಲ್ಲಿ ಗೆರೆಯೇ ಮುಖ್ಯ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಎಳೆ ಎಳೆಯಾಗಿ ಚೌಕಟ್ಟು ಕಟ್ಟುತ್ತಾರೆ, ನಡುವೆ ಮದುಮಕ್ಕಳ ಜೋಡಿ ಬರುತ್ತದೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಕೆಮ್ಮಿದರು. ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಹಾಗಾದ್ರೆ ನೀವೇ ಒಂದು ಬಿಡಿಸಿ ಕೊಡಿ ಮೇಡಂ, ಪ್ರಿಂಟ್ ಹಾಕಿಸ್ತೀನಿ" ಅಂದ.

ಅವನದು ಕುಹಕವಲ್ಲ. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ನಾಲ್ಕು ವರ್ಷದಿಂದ ನಾನು ಓದುತ್ತಿರುವುದು, ಬರೆಯುತ್ತಿರುವುದು ಇದೇ ಚಿತ್ತಾರದ ಮೇಲೆ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ನೆಟ್ಟಗೆ ಒಂದು ಗೆರೆ ಎಳೆಯಲು ನನಗೆ ಬರುವುದಿಲ್ಲ.

ಮದುವೆ ಮೇ ತಿಂಗಳಲ್ಲಿ. ನಿಶ್ಚಯವಾದ ದಿನದಿಂದ ನನ್ನ ಮನಸ್ಸಿನಲ್ಲಿದ್ದದ್ದು ಮನೆ ಮುಂದಿನ ಚಪ್ಪರ. ಅಡಿಕೆ ಮರದ ಕಂಬ, ಮೇಲೆ ಸೋಗೆ, ಸುತ್ತ ಮಾವಿನೆಲೆ, ಬಾಗಿಲಿಗೆ ಗೊನೆಸಮೇತ ಬಾಳೆ, ನೆಲಕ್ಕೆ ಸಗಣಿ ಸಾರಿಸಿದ ವಾಸನೆ. ಫೋನಿನಲ್ಲಿ ಇಂಥದ್ದರ ಫೋಟೋಗಳನ್ನು ಕೂಡಿಡುತ್ತಾ ಹೋದೆ. ವಿಶ್ವವಿದ್ಯಾಲಯದ ಗೆಳೆಯರು ಮಾತ್ರ, "ನೀವಿಬ್ಬರೂ ಮಂತ್ರ ಮಾಂಗಲ್ಯ ಆಗ್ತೀರಿ ಅಂದುಕೊಂಡಿದ್ವಿ" ಅಂದರು. ಕುವೆಂಪು ಆ ಪದ್ಧತಿಯನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಸರಳವಾಗಿ ಮಾಡಿದ್ದು ನಮಗೆಲ್ಲ ಗೊತ್ತಿರುವ ಕತೆ. ನನಗೂ ಆಸೆಯಿತ್ತು. ಅಪ್ಪನ ಹತ್ತಿರ ಪ್ರಸ್ತಾಪಿಸಿದೆ. ಅವರು ಸಿಟ್ಟಾಗಲಿಲ್ಲ. "ಮೂವತ್ತು ವರ್ಷ ಊರವರ ಮದುವೆಯಲ್ಲೆಲ್ಲ ಉಂಡಿದ್ದೇನೆ. ಅವರಿಗೆ ಒಂದು ಊಟ ಹಾಕದೆ ಈ ಊರಲ್ಲಿ ಹೇಗೆ ತಿರುಗಲಿ?" ಅಂದರು. ಮುಯ್ಯಿ ಎನ್ನುವುದು ಬರೀ ಲಕೋಟೆಯಲ್ಲಿ ಇಡುವ ದುಡ್ಡಲ್ಲ ಎಂದು ನಾನೇ ಒಂದು ಪ್ರಬಂಧದಲ್ಲಿ ಬರೆದಿದ್ದೆ. ಸುಮ್ಮನಾದೆ.

ಸರಿ, ಊಟ ಹಾಕೋಣ, ಆದರೆ ಮನೆಯಲ್ಲೇ ಅಂದೆ. ಈ ಸಲ ಅಡ್ಡ ಬಂದದ್ದು ಅವ್ವ.

"ಮನೆ ಮದುವೆ ಚಂದ, ಯಾರು ಇಲ್ಲ ಅಂದ್ರು? ಆರುನೂರು ಜನಕ್ಕೆ ನೀರು ಎಲ್ಲಿಂದ ತರ್ತೀಯ? ಬಂದ ಹೆಂಗಸರು ಹೋಗೋಕೆ ಒಂದೇ ಒಂದು ಬಚ್ಚಲು. ಮೇ ತಿಂಗಳಲ್ಲಿ ಸಂಜೆ ಮಳೆ ಬಂದ್ರೆ ನಿನ್ನ ಸೋಗೆ ಚಪ್ಪರ ಎಲ್ಲಿರುತ್ತೆ? ಹದಿನೈದು ದಿನ ಮುಂಚೆ ಸಾರಿಸೋದು, ಹದಿನೈದು ದಿನ ಆಮೇಲೆ ತಿಕ್ಕೋದು. ನೀನು ಮಾಡ್ತೀಯಾ? ನೀನು ಮಣೆ ಮೇಲೆ ಕೂತಿರ್ತೀಯ."

ನನ್ನ ಹತ್ತಿರ ಉತ್ತರವಿರಲಿಲ್ಲ. ಫೋನಿನಲ್ಲಿದ್ದ ಅಷ್ಟೂ ಚಪ್ಪರದ ಫೋಟೋಗಳನ್ನು ಮತ್ತೊಮ್ಮೆ ನೋಡಿದೆ. ಒಂದರಲ್ಲೂ ಪಾತ್ರೆ ತೊಳೆಯುವವರು ಇರಲಿಲ್ಲ.

ಹೀಗೆ ಕಲ್ಯಾಣ ಮಂಟಪ ಗೊತ್ತಾಯಿತು. ನೋಡಲು ಹೋದ ದಿನ ನಮ್ಮವರ ತಾಯಿ ಗದಗದಿಂದ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು: "ಸುರಗಿ ಸುತ್ತಾಕ ಜಾಗ ಐತೇನವಾ ಅಲ್ಲೆ?" ಅವರಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯಬೇಕು. ನೀರು ಹರಿದು ಹೋಗುವ ಜಾಗ ಬೇಕು. ಮಂಟಪದ ಮ್ಯಾನೇಜರಿಗೆ ಕೇಳಿದರೆ, "ಸ್ಟೇಜ್ ಮೇಲೆ ನೀರು ಹಾಕಂಗಿಲ್ಲ, ಕಾರ್ಪೆಟ್ ಹಾಳಾಗುತ್ತೆ" ಅಂದರು. ಕೊನೆಗೆ ಹಿಂದಿನ ಅಂಗಳದಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ ಒಂದು ಜಾಗ ಸಿಕ್ಕಿತು. ಅಳತೆ ಪಟ್ಟಿ ಹಿಡಿದು ಅಳೆದು ಫೋಟೋ ಕಳಿಸಿದೆ. "ಸಾಕವಾ, ಛಲೋ ಆತು" ಅಂದರು. ನಾನು ಆ ಮನೆಯ ಸೊಸೆಯಾಗುತ್ತೇನೆ ಎಂದು ನನಗೆ ಮೊದಲ ಬಾರಿಗೆ ನಿಜವಾಗಿ ಅನ್ನಿಸಿದ್ದು ಆ ತೊಟ್ಟಿಯ ಪಕ್ಕದಲ್ಲಿ.

ಸುರಗಿಗೆ ಜಾಗ ಸಿಕ್ಕಿತು. ಹಸೆಗೆ?

ಹಸೆ ಚಿತ್ತಾರ ಅಲಂಕಾರಕ್ಕೆ ಬರೆಯುವುದಲ್ಲ. ಮದುಮಕ್ಕಳು ಹಸೆಯ ಮೇಲೆ ಕೂರುವ ಗೋಡೆಗೆ ಬರೆಯುವುದು. ಬರೆಯುವಾಗ ಹಾಡು ಇರಬೇಕು. ನಮ್ಮ ಹಳೇ ಮಣ್ಣಿನ ಮನೆಯಲ್ಲಿ ಅಂಥ ಗೋಡೆಯಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅದನ್ನು ಕೆಡವಿ ತಾರಸಿ ಹಾಕಿದರು. ಈಗಿನ ಗೋಡೆಗೆ ತಿಳಿನೀಲಿ ಎಮಲ್ಷನ್ ಪೇಂಟ್. ಕೆಮ್ಮಣ್ಣು ಹಿಡಿಯುವುದಿಲ್ಲ, ಒಣಗಿದ ಮೇಲೆ ಹಕ್ಕಳೆಯಾಗಿ ಉದುರುತ್ತದೆ.

ಅಜ್ಜಿಗೆ ಈಗ ಕಣ್ಣು ಮಂಜು, ಬಲಗೈ ನಡುಗುತ್ತದೆ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಎರಡು ವರ್ಷದಿಂದ ಚಿತ್ತಾರ ಬರೆದಿಲ್ಲ. ಅವಳಿಂದ ಹಾಡು, ಹೆಸರು, ಅರ್ಥ ಎಲ್ಲವನ್ನೂ ನಾನು ರೆಕಾರ್ಡ್ ಮಾಡಿಕೊಂಡಿದ್ದೇನೆ. ಕಲಿಸು ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಆ ವಾರ ಹೋಗಿ ಕೇಳಿದೆ. ಗೋಡೆಯಿಲ್ಲ ಎಂದೂ ಹೇಳಿಕೊಂಡೆ.

"ಗೋಡೆ ಇಲ್ದಿದ್ರೆ ಹಲಗೆ ಮೇಲೆ ಬರಿ. ಗೆರೆಗೆ ಎಂತ ಗೊತ್ತಾಗ್ತದೆ, ಅದು ಗೋಡೆಯೋ ಹಲಗೆಯೋ ಅಂತ?" ಅಂದಳು.

ಗೋಡೆಯಿಂದ ಕಿತ್ತ ಚಿತ್ತಾರ ಏನನ್ನು ಕಳೆದುಕೊಳ್ಳುತ್ತದೆ ಎಂದು ನಾನು ಒಂದು ಅಧ್ಯಾಯವನ್ನೇ ಬರೆದಿದ್ದೆ. ಅಜ್ಜಿ ಅದನ್ನು ಎರಡು ವಾಕ್ಯದಲ್ಲಿ ಮುಗಿಸಿದಳು.

ಎಂಟಡಿ ನಾಲ್ಕಡಿಯ ಎರಡು ಪ್ಲೈವುಡ್ ಹಾಳೆ ತಂದೆವು. ಗುಡ್ಡದ ಕೆಮ್ಮಣ್ಣು ತಂದು ಜರಡಿ ಹಿಡಿದು, ನೆನೆಸಿ ಎರಡು ಸಲ ಬಳಿದೆವು. ಅಜ್ಜಿ ದಾರವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಒಂದು ತುದಿ ನನಗೆ ಕೊಟ್ಟು, ಇನ್ನೊಂದು ತಾನು ಹಿಡಿದು ಮೀಟಿದಳು. ಹಲಗೆಯ ಮೇಲೆ ಬಿಳಿಯ ಗುರುತು ಬಿತ್ತು. ಅದರ ಮೇಲೆ ನಾನು ಕುಂಚ ನಡೆಸಬೇಕು. ಪುಂಡಿ ನಾರಿನ ಕುಂಚ ಪೆನ್ನಿನ ಹಾಗಲ್ಲ. ಒತ್ತಿದರೆ ಹರಡುತ್ತದೆ, ಬಿಟ್ಟರೆ ತುಂಡಾಗುತ್ತದೆ. ಉಸಿರು ಹಿಡಿದು ಎಳೆದರೂ ಗೆರೆ ಮಳೆಗಾಲದ ಕಾಲುದಾರಿಯ ಹಾಗೆ ಡೊಂಕಾಯಿತು. ಒರೆಸಿದೆ, ಎಳೆದೆ, ಮತ್ತೆ ಒರೆಸಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಕೈ ಒರೆಸಿಕೊಂಡು ಬಂದಳು. ಕುಂಚ ಕಸಿದುಕೊಂಡು, ದಾರದ ಗುರುತನ್ನೂ ನೋಡದೆ, ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಇನ್ನೊಂದು. ಎರಡರ ನಡುವೆ ಒಂದೇ ಅಂತರ.

"ನಿಂಗೆ ಬರಲ್ಲ ಅಂದಿದ್ದೆಯಲ್ಲವ್ವ?" ನನ್ನ ಸಂದರ್ಶನದ ಪುಸ್ತಕದಲ್ಲಿ ಅವ್ವನ ಹೆಸರಿನ ಮುಂದೆ 'ಕಲಿತಿಲ್ಲ' ಎಂದೇ ಇದೆ.

"ಬೇಡ ಅಂತ ಅಂದಿದ್ದು" ಅಂದಳು. ಮತ್ತೆರಡು ಗೆರೆ ಎಳೆದ ಮೇಲೆ ಮಾತು ಬಂತು. ಕೈ ನೇರವಿದೆ ಎಂದು ಊರಿನಲ್ಲಿ ಯಾರ ಮದುವೆಯಾದರೂ ಅವಳನ್ನು ಕರೆಯುತ್ತಿದ್ದರಂತೆ. ವಾರಗಟ್ಟಲೆ ಶಾಲೆ ತಪ್ಪುತ್ತಿತ್ತು. ಏಳನೇ ಕ್ಲಾಸಿನ ಪರೀಕ್ಷೆಯ ಹೊತ್ತಿಗೆ ಎರಡು ಮದುವೆ. ಪರೀಕ್ಷೆಗೆ ಹೋಗಲಿಲ್ಲ, ಆಮೇಲೆ ಯಾರೂ ಶಾಲೆಗೆ ಕಳಿಸಲೂ ಇಲ್ಲ. "ಚಿತ್ತಾರ ಚಂದ ಬಂತು ಅಂತ ಎಲ್ಲರೂ ಹೇಳಿದ್ರು. ಬರೆದೋರು ಊಟಕ್ಕೆ ಕೂರೋ ಹೊತ್ತಿಗೆ ಪಾಯಸ ಖಾಲಿಯಾಗಿರ್ತಿತ್ತು."

ಅಜ್ಜಿ ತಲೆ ತಗ್ಗಿಸಿ ದಾರ ಸುತ್ತುತ್ತಾ ಕೂತಿದ್ದಳು. "ಆಗ ನಂಗೂ ತಿಳೀಲಿಲ್ಲ ತಂಗಿ" ಎಂದಷ್ಟೇ ಹೇಳಿದಳು. ಹೇಳಿದ್ದು ನನಗೋ ಅವ್ವನಿಗೋ ಗೊತ್ತಾಗಲಿಲ್ಲ.

ಆ ರಾತ್ರಿ ಲ್ಯಾಪ್‌ಟಾಪ್ ತೆರೆದು ಮೂರನೇ ಅಧ್ಯಾಯ ನೋಡಿದೆ. 'ಸಮುದಾಯದ ಹೆಣ್ಣುಮಕ್ಕಳ ಸಾಮೂಹಿಕ ಸಂಭ್ರಮ' ಎಂಬ ಸಾಲಿತ್ತು. ಅಳಿಸಲಿಲ್ಲ. ಸಂಭ್ರಮ ಸುಳ್ಳಲ್ಲ, ಅಜ್ಜಿ ಹಾಡುವಾಗ ಅವಳ ಮುಖದಲ್ಲಿ ಅದನ್ನು ನಾನು ಕಂಡಿದ್ದೇನೆ. ಆದರೆ ಅದರ ಕೆಳಗೆ ಇನ್ನೊಂದು ಪುಟ ಬೇಕು. ಮದುವೆ ಮುಗಿದ ಮೇಲೆ ಬರೆಯಬೇಕು, ಅವ್ವ ಒಪ್ಪಿದರೆ.

ಅತಿಥಿಗಳಿಗೆ ಏನಾದರೂ ನಮ್ಮದೇ ಅನ್ನುವಂಥದ್ದು ಕೊಡಬೇಕು ಎಂಬುದು ನನ್ನ ಇನ್ನೊಂದು ಹುಚ್ಚಾಗಿತ್ತು. ಆರುನೂರು ತಾಂಬೂಲದ ಚೀಲ, ಒಂದೊಂದರ ಮೇಲೂ ಕೈಯಿಂದ ಒಂದು ಸಾಲು ಚಿತ್ತಾರ. ಒಂದಕ್ಕೆ ಹತ್ತು ನಿಮಿಷ ಎಂದರೂ ನೂರು ಗಂಟೆ. ಆ ನೂರು ಗಂಟೆ ಯಾರದ್ದು ಎಂದು ಈಗ ನನಗೆ ಗೊತ್ತು. ಚೀಲ ಬಿಳಿಯದೇ ಇರಲಿ. ತೆಂಗಿನಕಾಯಿ, ಎಲೆ, ಅಡಿಕೆ, ಬಾಳೆಹಣ್ಣು ಸಾಕು.

ಬದಲಿಗೆ ಅಜ್ಜಿ, ಅವ್ವ ಇಬ್ಬರನ್ನೂ ಕೂರಿಸಿ ಒಂದು ಪಟ್ಟಿ ಮಾಡಿದೆ. ಸುತ್ತಲ ಊರುಗಳಲ್ಲಿ ಮದುವೆ ಮನೆಗಳಿಗೆ ಹೋಗಿ ಚಿತ್ತಾರ ಬರೆದವರು, ಹಾಡಿದವರು. ಬದುಕಿರುವವರು ಹನ್ನೊಂದು ಜನ. ಅವರನ್ನು ಕರೆತರಲು ಬಾಡಿಗೆಗೆ ಒಂದು ವ್ಯಾನು ಹೇಳಿದ್ದೇವೆ. ಊಟದ ಹಾಲು ನೆಲಮಾಳಿಗೆಯಲ್ಲಿದೆ, ಹದಿನೆಂಟು ಮೆಟ್ಟಿಲು. ಮಂಡಿನೋವಿನವರಿಗೆ ಆಗುವುದಿಲ್ಲ. ಅದಕ್ಕೆ ಮೇಲೆಯೇ, ಹಸೆಯ ಎದುರಿನ ಕೋಣೆಯಲ್ಲಿ ಅವರಿಗೆ ಬೇರೆ ಎಲೆ. ಊರಿನ ದೊಡ್ಡ ಮನುಷ್ಯರಿಗಿಂತ ಮೊದಲು, ಮೊದಲ ಪಂಕ್ತಿ. ಪಾಯಸ ಅಲ್ಲಿಂದಲೇ ಶುರು. ಬಡಿಸುವುದು ಅಪ್ಪ ಮತ್ತು ನನ್ನ ತಮ್ಮ. ಅಪ್ಪ ಒಂದು ಕ್ಷಣ ಯೋಚಿಸಿ, "ಇದೂ ಮುಯ್ಯಿಯೇ ಅಲ್ವಾ?" ಅಂದರು.

ಡೆಕೊರೇಷನ್ ಹುಡುಗನಿಗೆ ಹೂವು, ಲೈಟು ಸಾಕು, ಹಿಂದಿನ ಪರದೆ ನಮ್ಮದು ಎಂದು ಹೇಳಿದ್ದೇನೆ. ಅವನು ಒಂದು ದಿನ ಮನೆಗೆ ಬಂದು ಹಲಗೆ ನೋಡಿದ. ಬಲಗಡೆ ಕೆಳಗಿನ ಮೂಲೆಯಲ್ಲಿ ನಾಲ್ಕು ಗೆರೆ ಮಾತ್ರ ಡೊಂಕು. ಅವ್ವ ಸರಿ ಮಾಡುತ್ತೇನೆಂದರೂ ಅಜ್ಜಿ ಬಿಡಲಿಲ್ಲ. ಹುಡುಗ ಅದನ್ನೇ ಬೆರಳಿಟ್ಟು ತೋರಿಸಿ, "ಇಲ್ಲಿ ಸ್ವಲ್ಪ ಮಿಸ್ಟೇಕ್ ಆಗಿದೆ ಮೇಡಂ. ಹೂವಿನ ಕುಂಡ ಇಟ್ಟು ಮುಚ್ಚಲಾ?" ಅಂದ.

ಬೇಡ ಅಂದೆ. ಅದೊಂದೇ ನಾನು ಬರೆದದ್ದು.