ಪುಟ್ಟ ಮಾರುಕೊ ಕಲಿಸಿದ ಪ್ರಬಂಧ ಪಾಠ

'ನನ್ನ ಅಜ್ಜ' ಎಂಬ ಪ್ರಬಂಧ ಬರೆಯಲು ಕೊಟ್ಟರೆ ತರಗತಿಯ ಎಲ್ಲ ಪುಸ್ತಕಗಳಲ್ಲೂ ಒಬ್ಬರೇ ಅಜ್ಜ! ಬೆಳಿಗ್ಗೆ ಬೇಗ ಏಳುತ್ತಾರೆ, ನೀತಿಕಥೆ ಹೇಳುತ್ತಾರೆ, ಎಲ್ಲರನ್ನೂ ಪ್ರೀತಿಸುತ್ತಾರೆ. ಗಲ್ಫ್ ನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಇದರ ಕಾರಣ ಗೊತ್ತು. ಅಜ್ಜ ಇರುವುದು ಊರಿನಲ್ಲಿ. ಮಕ್ಕಳಿಗೆ ಸಿಗುವುದು ರಜೆಯಲ್ಲಿ, ಇಲ್ಲವೇ ಫೋನಿನಲ್ಲಿ. "ಬರೆಯಲು ಏನೂ ಇಲ್ಲ ಮಿಸ್" ಎನ್ನುವ ಮಕ್ಕಳಿಗೆ ನಾವು ಜಪಾನಿನ ಒಬ್ಬ ಹುಡುಗಿಯನ್ನು ಪರಿಚಯಿಸುತ್ತೇವೆ.

ಅವಳೇ 'ಚಿಬಿ ಮಾರುಕೊ ಚಾನ್', ಅಂದರೆ ಪುಟ್ಟ ಮಾರುಕೊ. 1970ರ ದಶಕದ ಶಿಮಿಜು ಪಟ್ಟಣದಲ್ಲಿ ಮೂರನೇ ತರಗತಿ ಓದುವವಳು. ಮೊಮೊಕೊ ಸಕುರಾ ಎಂಬ ಲೇಖಕಿ ತಮ್ಮ ಬಾಲ್ಯವನ್ನೇ ಚಿತ್ರಕಥೆಯಾಗಿಸಿ 1986ರಿಂದ 'ರಿಬನ್' ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ರಾಕ್ಷಸರಿಲ್ಲ, ಮಾಯಾಮಂತ್ರವಿಲ್ಲ. ಮಾರುಕೊ ರಜೆಯ ಹೋಂವರ್ಕ್ ಮಾಡದೆ ರಾಶಿ ಹಾಕುತ್ತಾಳೆ, ಅಕ್ಕನೊಂದಿಗೆ ಜಗಳವಾಡುತ್ತಾಳೆ, ಅಮ್ಮನಿಂದ ಬೈಸಿಕೊಳ್ಳುತ್ತಾಳೆ. ಅಷ್ಟೇ!

ಆ 'ಅಷ್ಟೇ' ಎಷ್ಟು ದೂರ ಹೋಯಿತು ನೋಡಿ. 1990ರ ಜನವರಿಯಲ್ಲಿ ಫ್ಯೂಜಿ ಟಿವಿಯಲ್ಲಿ ಕಾರ್ಟೂನ್ ಆಗಿ ಬಂದಿತು. ಅದೇ ವರ್ಷ ಅಕ್ಟೋಬರ್ 28ರ ಕಂತಿಗೆ ಶೇ. 39.9ರಷ್ಟು ವೀಕ್ಷಣೆ ಸಿಕ್ಕಿತು. ಸಕುರಾ ಅವರೇ ಬರೆದ ಅದರ ಹಾಡು ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆಯಿತು. 2006ರಲ್ಲಿ ನಿಜವಾದ ಬಾಲನಟರ ಟಿವಿ ನಾಟಕವಾಯಿತು. ನಾವಿರುವ ಈ ಅರಬ್ಬರ ನಾಡಿನಲ್ಲಿಯೂ ಅವಳು ಅರಬಿ ಮಾತನಾಡಿದ್ದಾಳೆ.

ಇದರ ಹಿಂದೆ ಒಂದು ಶಾಲಾ ಪ್ರಬಂಧವಿದೆ. ಹೈಸ್ಕೂಲಿನಲ್ಲಿದ್ದಾಗ ಸಕುರಾ ಬರೆದ ಪ್ರಬಂಧವನ್ನು ತಿದ್ದಿದವರು ಆಕೆಯನ್ನು ಸಾವಿರ ವರ್ಷ ಹಿಂದಿನ ಪ್ರಸಿದ್ಧ ಲೇಖಕಿ ಸೇಯ್ ಶೋನಾಗನ್‌ಗೆ ಹೋಲಿಸಿ ಮೆಚ್ಚಿದರು. ಪ್ರಬಂಧವನ್ನೇ ಚಿತ್ರವಾಗಿ ಬರೆದರೆ ಹೇಗೆ ಎಂಬ ಯೋಚನೆ ಆಕೆಗೆ ಹೊಳೆದದ್ದು ಆಗ. ಕೆಂಪು ಶಾಯಿಯ ಪೆನ್ನು ಹಿಡಿದು ಕೂರುವ ನಮ್ಮಂಥವರು ಮರೆಯಬಾರದ ಮಾತಿದು.

ಕಥೆಯಲ್ಲಿ ಮಾರುಕೊಳ ಅಜ್ಜ ತೊಮೊಜೊ ಮೊಮ್ಮಗಳೆಂದರೆ ಪ್ರಾಣ ಬಿಡುವವರು. ಆದರೆ ತಮ್ಮ ನಿಜವಾದ ಅಜ್ಜ ಹಾಗಿರಲಿಲ್ಲ ಎಂದು ಸಕುರಾ 1991ರ ಪ್ರಬಂಧ ಸಂಕಲನದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಸಿಗದ ಪ್ರೀತಿಯನ್ನು ಆಕೆ ಚಿತ್ರದಲ್ಲಿ ಪಡೆದುಕೊಂಡರು. ಸತ್ಯವನ್ನು ಪ್ರಬಂಧದಲ್ಲಿ ಹೇಳಿದರು. ಎರಡೂ ಬರವಣಿಗೆಯೇ. ಎರಡರಲ್ಲೂ ಎರವಲು ಅಜ್ಜನಿಲ್ಲ.

ಈ ಕಥೆ ಕೇಳಿದ ಮೇಲೆ ನಮ್ಮ ಒಬ್ಬ ವಿದ್ಯಾರ್ಥಿ ಹೀಗೆ ಬರೆದ: ಅಜ್ಜ ಫೋನಿನಲ್ಲಿ ಎರಡೇ ಮಾತಾಡುತ್ತಾರೆ, ಊಟ ಆಯ್ತಾ, ಯಾವಾಗ ಬರ್ತೀರಿ. ಆಮೇಲೆ ಫೋನು ಅಜ್ಜಿಗೆ ಕೊಡುತ್ತಾರೆ. ನನಗೂ ಕನ್ನಡದಲ್ಲಿ ಮುಂದೆ ಏನು ಹೇಳಬೇಕೆಂದು ಗೊತ್ತಾಗುವುದಿಲ್ಲ. ಒತ್ತಕ್ಷರದ ತಪ್ಪುಗಳು ಹಲವಿದ್ದವು. ನಾವು ಅದನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆವು. ಯಾರೂ ನಗಲಿಲ್ಲ. ಭಾಷೆ ಕೈಬಿಟ್ಟರೆ ಕಳೆದುಹೋಗುವುದು ಅಂಕಗಳಲ್ಲ, ಅಜ್ಜನೇ ಎಂದು ಅವರಿಗೂ ಅನ್ನಿಸಿರಬೇಕು.

ಸಕುರಾ 2018ರಲ್ಲಿ ತೀರಿಕೊಂಡರು. 1990ರಿಂದ ಮಾರುಕೊಗೆ ದನಿಯಾಗಿದ್ದ ತಾರಾಕೊ 2024ರಲ್ಲಿ ಅಗಲಿದರು. ಹೊಸ ದನಿಯೊಂದಿಗೆ ಆ ಹುಡುಗಿ ಇನ್ನೂ ಮೂರನೇ ತರಗತಿಯಲ್ಲೇ ಇದ್ದಾಳೆ. ನಮ್ಮ ಮಕ್ಕಳು ಹಾಗೆ ನಿಲ್ಲುವುದಿಲ್ಲ, ಊರಿನ ಅಜ್ಜಂದಿರೂ ನಿಲ್ಲುವುದಿಲ್ಲ. ಪೋಷಕರೇ, ಈ ವಾರ ಫೋನು ಮಕ್ಕಳ ಕೈಗೆ ಕೊಡಿ. ತಪ್ಪು ಕನ್ನಡವಾದರೂ ಸರಿ, ಮೂರನೆಯ ಮಾತು ಅವರೇ ಆಡಲಿ.