ಖುಷಿಗೆ ವರ್ಷಕ್ಕೆಷ್ಟು ಫೀಸು?

ಬೆಂಗಳೂರಿನಲ್ಲಿ ದೀಪಾವಳಿಯ ಪಟಾಕಿ ಕಸ ಗುಡಿಸಿ ಮುಗಿಯುವ ಮೊದಲೇ ಲೈಟುಕಂಬಗಳಿಗೆ 'ಅಡ್ಮಿಷನ್ ಓಪನ್' ಬ್ಯಾನರುಗಳು ಏರುತ್ತವೆ. ಮೊದಲೆಲ್ಲ ಅವುಗಳ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು, ಒಂದೊಂದು ಮುಖದ ಕೆಳಗೂ ತೊಂಬತ್ತರ ಮೇಲಿನ ಒಂದೊಂದು ಸಂಖ್ಯೆ. ಕೋಚಿಂಗಿನವರು ಈಗಲೂ ಹಾಗೆಯೇ ಹಾಕಿಸುತ್ತಾರೆ. ಚಿಕ್ಕ ಮಕ್ಕಳ ಶಾಲೆಗಳ ವರಸೆ ಮಾತ್ರ ಬದಲಾಗಿದೆ. ಒಂದು ಮಗು ಹುಲ್ಲಿನ ಮೇಲೆ ಅಂಗಾತ ಮಲಗಿ ನಗುತ್ತಿರುತ್ತದೆ. ಪಕ್ಕದಲ್ಲಿ 'ನೋ ಸ್ಟ್ರೆಸ್', 'ಜಾಯ್‌ಫುಲ್ ಲರ್ನಿಂಗ್'. ಮಕ್ಕಳು ಖುಷಿಯಾಗಿರಬೇಕೆಂಬ ಮಾತು ಕೊನೆಗೂ ಲೈಟುಕಂಬದವರೆಗೆ ಬಂತಲ್ಲ ಎಂದು ನನಗೂ ಸಮಾಧಾನವೇ. ಅದೇ ಹುಲ್ಲಿನ ಬುಡದಲ್ಲಿ ಸಣ್ಣಕ್ಷರದಲ್ಲಿ 'ಸೀಟುಗಳು ಕೆಲವೇ' ಎಂದಿರುತ್ತದೆ, ಅಷ್ಟೇ.

ನನ್ನ ಮಗ ಸಾಫ್ಟ್‌ವೇರಿನವನು. ಮೊಮ್ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವ ಮಾತು ಬಂದ ರಾತ್ರಿಯೇ ಎಕ್ಸೆಲ್ ಶೀಟು ತೆರೆದ. ಎಡಗಡೆ ಶಾಲೆಗಳ ಹೆಸರು. ಮೇಲೆ ಕಾಲಂಗಳು: ಫೀಸು, ದೂರ, ಬಸ್ಸು, ಮೈದಾನ, ಕೌನ್ಸೆಲರ್ ಇದ್ದಾರೋ ಇಲ್ಲವೋ, ಎಲ್ಲಕ್ಕಿಂತ ಮುಖ್ಯವಾಗಿ ಒತ್ತಡ. ಒತ್ತಡ ಕಡಿಮೆಯಿದ್ದಷ್ಟೂ ಹತ್ತಕ್ಕೆ ಹೆಚ್ಚು ಅಂಕ. ಮಕ್ಕಳಿಗೆ ಅಂಕವನ್ನೇ ಕೊಡದ ಶಾಲೆಗೆ ಹತ್ತಕ್ಕೆ ಹತ್ತು.

"ಅಮ್ಮ, ನನ್ನ ಹಾಗೆ ಅವಳು ರ‍್ಯಾಂಕಿನ ಹಿಂದೆ ಓಡಬಾರದು" ಎಂದ.

ಅವನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಸೇರಿಸಿದವಳು ನಾನೇ, ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಟೀಚರು. ನಮ್ಮ ಸ್ಟಾಫಿನವರ ಮಕ್ಕಳೆಲ್ಲ ಹಾಗೆ ದೊಡ್ಡೂರಿಗೆ ಹೋಗಿ ಓದಿದವರೇ. ಆ ರ‍್ಯಾಂಕಿನಿಂದಲೇ ಅಲ್ಲವೇನಪ್ಪ ಈ ಎಕ್ಸೆಲ್ಲು, ಈ ಫ್ಲ್ಯಾಟು, ರ‍್ಯಾಂಕು ಬೇಡ ಎನ್ನುವ ಈ ಧೈರ್ಯ ಎಂದು ಕೇಳಬೇಕೆನಿಸಿತು. ಸೊಸೆಯ ಎದುರು ಅತ್ತೆಯಾದವಳು ಎಷ್ಟು ಮಾತಾಡಬೇಕೋ ಅಷ್ಟೇ ಆಡಿದೆ: "ಊಟಕ್ಕೆ ಬನ್ನಿ."

ಮೊದಲು ನೋಡಿದ ಶಾಲೆಯಲ್ಲಿ ಮಕ್ಕಳ ಮನಶ್ಶಾಂತಿಗೆಂದೇ ಒಂದು ಕೋಣೆಯಿತ್ತು. ತಿಳಿನೀಲಿ ಗೋಡೆ, ಎಸಿ, ಬೀನ್ ಬ್ಯಾಗು, ಹಕ್ಕಿಗಳ ದನಿ ಕೇಳಿಸುವ ಸ್ಪೀಕರು. ಕಿಟಕಿಯಾಚೆ ಹೊಂಗೆಮರವಿತ್ತು, ಮರದಲ್ಲಿ ನಿಜವಾದ ಹಕ್ಕಿಗಳೂ ಇದ್ದವು. ಎಸಿ ಹಾಕಿದ್ದರಿಂದ ಕಿಟಕಿ ಮುಚ್ಚಿತ್ತು. ಮೂರನೇ ಕ್ಲಾಸಿನಿಂದ ಒಲಿಂಪಿಯಾಡ್ ತಯಾರಿ ಶುರು ಎಂದು ಕಾರಿಡಾರಿನ ಬೋರ್ಡು ಹೇಳುತ್ತಿತ್ತು. ಆ ಕೋಣೆ ಬೇಕಾಗುವುದು ಆಮೇಲಿರಬೇಕು.

ಪ್ರವೇಶ ಕೊಡುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನು ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯ್ದೆ. ಮೊದಲ ಸಲ ಮೀರಿದರೆ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ಆದ್ದರಿಂದ ಇನ್ನೊಂದು ಶಾಲೆಯಲ್ಲಿ ನಮ್ಮನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಮೊಮ್ಮಗಳ ಕೈಗೆ ಕ್ರೆಯಾನು ಕೊಟ್ಟು ಆಡಲು ಬಿಟ್ಟರು. ಮೂಲೆಯಲ್ಲಿ ಒಬ್ಬಾಕೆ ಕೂತು ಸುಮ್ಮನೆ ಏನೋ ಬರೆದುಕೊಳ್ಳುತ್ತಿದ್ದರು. ನಮಗೆ ಕಾಫಿ ಕೊಟ್ಟು, ಎಲ್ಲಿ ಕೆಲಸ, ಮನೆಯಲ್ಲಿ ಯಾವ ಭಾಷೆ, ಮಗು ದಿನಕ್ಕೆಷ್ಟು ಹೊತ್ತು ಟಿವಿ ನೋಡುತ್ತದೆ ಎಂದು ಲೋಕಾಭಿರಾಮವಾಗಿ ವಿಚಾರಿಸಿದರು.

"ಟಿವಿ ಹಾಕೋದೇ ಇಲ್ಲ" ಎಂದ ಮಗ.

"ಚಿಂಟು ಟಿವಿ ಹಾಕ್ತಾರೆ" ಎಂದಳು ಮೊಮ್ಮಗಳು, ಚಿತ್ರದಿಂದ ತಲೆಯೆತ್ತದೆ.

ಆ ಶಾಲೆಯಿಂದ ಫೋನು ಬರಲಿಲ್ಲ.

ಮತ್ತೊಂದು ಶಾಲೆಯ ಬಾಗಿಲಲ್ಲಿ ಮಾತ್ರ ನನ್ನ ಕಾಲು ತಾನಾಗಿ ನಿಂತಿತು. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು ಕಾರ್ಡು ಹರಡಿಕೊಂಡಿದ್ದವು. ಗೋಡೆಗೆ ಏಣಿಯ ಚಿತ್ರ. ಶಾಲೆ ತೋರಿಸಲು ಬಂದ ಹುಡುಗಿ ಹೇಳಿದಳು: "ಇಲ್ಲಿ ಬೆಂಚಿಲ್ಲ ಆಂಟಿ. ಎಲ್ಲರಿಗೂ ಒಂದೇ ಪಾಠ ಅಂತಿಲ್ಲ. ಅವರವರ ವೇಗದಲ್ಲಿ ಅವರವರು ಕಲೀತಾರೆ. ಇದು ಇಂಟರ್‌ನ್ಯಾಷನಲ್ ಮೆಥಡ್ಡು."

ಇದ್ದರೂ ಇರಬಹುದು. ನನಗೆ ಗೊತ್ತಿದ್ದದ್ದು ಕೋಟೆ ತಾಲ್ಲೂಕಿನದು. 1995ರಲ್ಲಿ ಯುನಿಸೆಫ್ ನೆರವಿನಿಂದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಮೊದಲು ಶುರುವಾದದ್ದು ನಮ್ಮಲ್ಲಿ. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿಮಕ್ಕಳಿಗೆ ಕಾರ್ಡಿಟ್ಟುಕೊಂಡು ಕಲಿಸುವುದನ್ನು ನಮ್ಮ ಕಡೆಯ ಮೇಷ್ಟ್ರುಗಳು ನೋಡಿ ಬಂದು, ನಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಬರೆದರು. ನನ್ನ ಕೋಣೆಯಲ್ಲೂ ಹೀಗೆಯೇ ಚಿಕ್ಕ ತರಗತಿಗಳ ಮಕ್ಕಳೆಲ್ಲ ಒಟ್ಟಿಗೆ ನೆಲದ ಮೇಲೆ. ಗುಂಪಿಗೆ ನಮ್ಮಲ್ಲಿ ತಟ್ಟೆ ಎಂದು ಹೆಸರು. ಒಂದು ತಟ್ಟೆಯವರಿಗೆ ಟೀಚರು ಪೂರ್ತಿ ಜೊತೆಗಿರಬೇಕು, ಒಂದು ತಟ್ಟೆಯವರಿಗೆ ಗೆಳೆಯರು ಹೇಳಿಕೊಡುತ್ತಾರೆ, ಇನ್ನೊಂದು ತಟ್ಟೆಯವರು ತಾವೇ ಕಲಿಯುತ್ತಾರೆ. ತಲೆಯ ಮೇಲೆ ದಾರ ಎಳೆದ ಚಪ್ಪರದಲ್ಲಿ ಮಕ್ಕಳ ಚಿತ್ರಗಳು ತೂಗುತ್ತಿದ್ದವು. ಬೆಳಿಗ್ಗೆ ಆಚೆ ಹೋಗಿ ಆಕಾಶ ನೋಡಿ, ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಗುರುತು ಹಾಕುವುದೂ ಪಾಠವೇ.

ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಏಣಿ ನಮ್ಮ ಗೋಡೆಗೂ ಬಂದದ್ದಕ್ಕೆ ಕಾರಣವಿತ್ತು. ನಮ್ಮ ಮಕ್ಕಳು ರಾಗಿ ಕುಯ್ಲು ಬಂದರೆ ಶಾಲೆಗಿಲ್ಲ. ಜಾತ್ರೆ ಬಂದರಿಲ್ಲ. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟರೆ ಅವರ ಹಿಂದೆ ಹೊರಟರು. ವಾಪಸು ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತಿತ್ತು. ಒಂದೆರಡು ದಿನ ಹಿಂದಿನ ಸಾಲಿನಲ್ಲಿ ಪೆಚ್ಚಾಗಿ ಕೂತು, ಆಮೇಲೆ ಬರುವುದನ್ನೇ ಬಿಡುತ್ತಿದ್ದವು. ಏಣಿ ಬಂದ ಮೇಲೆ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಾಯಿತು. ಎಲ್ಲಿ ಹೋಗಿದ್ದೆ ಎಂದು ಗದರುವ ಅಗತ್ಯವೇ ನನಗೆ ಬೀಳಲಿಲ್ಲ. ಕಾರ್ಡು ಅಲ್ಲೇ ಕಾದಿರುತ್ತಿತ್ತು.

ಆ ಹುಡುಗಿಯೂ ಅದನ್ನೇ ವಿವರಿಸಿದಳು: "ಫ್ಯಾಮಿಲಿ ಯೂರೋಪ್ ಟ್ರಿಪ್ಪಿಗೆ ಹೋಗಿ ಬಂದ್ರೂ ಮಗುಗೆ ಏನೂ ಮಿಸ್ ಆಗಲ್ಲ ಆಂಟಿ." ಫೀಸು ವರ್ಷಕ್ಕೆ ಎರಡು ಲಕ್ಷದ ಮೇಲೆ. ಬಸ್ಸು ಬೇರೆ.

ಹಾಗೆಂದು ನಮ್ಮ ಶಾಲೆಯನ್ನು ಸ್ವರ್ಗ ಮಾಡಲಾರೆ. ಮಳೆಗಾಲದಲ್ಲಿ ಹೆಂಚು ಸೋರುತ್ತಿತ್ತು, ಕಾರ್ಡುಗಳನ್ನು ಇಲಿ ತಿನ್ನುತ್ತಿತ್ತು, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ದಾಖಲೆ ಬರೆಯುವುದರಲ್ಲೇ ನನ್ನ ಸಂಜೆ ಮುಗಿಯುತ್ತಿತ್ತು. "ಬರೀ ಆಟ ಆಡಿಸ್ತಾರೆ, ಓದ್ಸೋದು ಯಾವಾಗ?" ಎಂದು ಊರವರೇ ಕೇಳುತ್ತಿದ್ದರು. ನಾಲ್ಕು ಕಾಸು ಕಂಡವರು ಮಕ್ಕಳನ್ನು ವ್ಯಾನು ಹತ್ತಿಸಿ ಪೇಟೆಯ ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು. ಆಗ ಆಟಕ್ಕೆ ಹೆದರಿ ಪುಸ್ತಕದ ಕಡೆ ಓಡಿದ ಕಾಸು, ಈಗ ಪುಸ್ತಕಕ್ಕೆ ಹೆದರಿ ಆಟದ ಕಡೆ ಓಡಿ ಬರುತ್ತಿದೆ. ಎರಡು ಸಲವೂ ಅದು ನನ್ನ ಶಾಲೆಯ ಮುಂದೆ ನಿಲ್ಲದೇ ಹೋಯಿತು.

"ನಮ್ಮ ಹಿಂದಿನ ರಸ್ತೆಯ ಸರ್ಕಾರಿ ಶಾಲೆಯಲ್ಲೂ ಏಣಿ ಇದೆಯಲ್ಲೋ" ಎಂದೆ, ಕಾರಿನಲ್ಲಿ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಫೀಸಿನ ಜಾಗದಲ್ಲಿ ಸೊನ್ನೆ ಹಾಕಿದರೆ ಶೀಟಿನಲ್ಲಿ ಭಾಗಾಕಾರ ಬರುವುದಿಲ್ಲವಂತೆ.

ಆಮೇಲೆ ಅವನ ಗಮನ ಶಾಲೆಬ್ಯಾಗಿನ ತೂಕದ ಕಡೆ ತಿರುಗಿತು. ಇದಕ್ಕೆ ನಮ್ಮ ಮೈಸೂರಿನವರದೇ ದೊಡ್ಡ ಪರಂಪರೆಯಿದೆ. ನಾಮಕರಣಗೊಂಡು ರಾಜ್ಯಸಭೆಗೆ ಹೋದ ಆರ್. ಕೆ. ನಾರಾಯಣ್ 1989ರಲ್ಲಿ ಅಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಬೆನ್ನಿನ ಭಾರದ ಬಗ್ಗೆ. ಮುಂದೆ ಯಶ್‌ಪಾಲ್ ಸಮಿತಿಯಾಯಿತು, ಭಾರವಿಲ್ಲದ ಕಲಿಕೆ ಬೇಕೆಂದು 1993ರಲ್ಲಿ ಅದರ ವರದಿ ಬಂತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು-ಎರಡನೇ ಕ್ಲಾಸಿನ ಬ್ಯಾಗು 1.5ರಿಂದ 2 ಕಿಲೋ ಮೀರಬಾರದೆಂದು ಆದೇಶ ಹೊರಡಿಸಿತು. ಮಗ ವಿಮಾನದ ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ ತಂದು, ಒತ್ತಡವಿಲ್ಲದ ಶಾಲೆಗೇ ಹೋಗುವ ಪಕ್ಕದ ಫ್ಲ್ಯಾಟಿನ ಹುಡುಗನ ಬ್ಯಾಗನ್ನು ಲಿಫ್ಟಿನ ಮುಂದೆ ತೂಗಿದ. ಎರಡು ಕಿಲೋ ಯಾವಾಗಲೋ ದಾಟಿತ್ತು. ಪುಸ್ತಕವೇನೋ ಕಡಿಮೆಯೇ. ಯೋಗದ ಮ್ಯಾಟು, ಸ್ಕೇಟಿಂಗ್ ಬೂಟು, ದಿನಾ ಮೂರು ಖುಷಿ ಬರೆಯಬೇಕಾದ ದಪ್ಪ ಡೈರಿ.

ಕೊನೆಯ ಶಾಲೆಗೆ ಹೋದಾಗ ನಾನು ಒಳಗೆ ಹೋಗಲಿಲ್ಲ. ಮಂಡಿನೋವು ಎಂದು ನೆಪ ಹೇಳಿ, ಗೇಟಿನಾಚೆ ಚುರುಮುರಿ ಗಾಡಿಯವನ ಸ್ಟೂಲಿನ ಮೇಲೆ ಕೂತೆ. ಶಾಲೆ ಹೇಗಪ್ಪ ಎಂದೆ.

"ಮಕ್ಕಳಿಗೆ ಒಳ್ಳೇದು ಕಣಮ್ಮ, ನನಗೆ ಲಾಸು" ಎಂದ ಈರುಳ್ಳಿ ಹೆಚ್ಚುತ್ತ. "ಆ ಕಡೆ ರೋಡಿನ ಸ್ಕೂಲಲ್ಲಿ ಬೆಲ್ ಹೊಡೆದ್ರೆ ಜೈಲಿಂದ ಬಿಟ್ಟಂಗೆ ಓಡ್ಬರ್ತಾವೆ. ಹತ್ತು ನಿಮಿಷದಾಗೆ ಗಾಡಿ ಖಾಲಿ. ಇಲ್ಲಿ ಬೆಲ್ ಆಗಿ ಅರ್ಧ ಗಂಟೆ ಆದ್ರೂ ಆಚೆ ಬರಲ್ಲ. ಮಾವಿನ ಮರದ ಕೆಳಗೆ ಕುಣೀತಾ ಇರ್ತಾವೆ. ಅವರಮ್ಮಂದಿರೇ ಒಳಗೋಗಿ ಎಳ್ಕಂಬರ್ಬೇಕು."

ನಿಜಕ್ಕೂ ಬೆಲ್ಲಾಯಿತು, ಯಾರೂ ಬರಲಿಲ್ಲ. ನಮ್ಮವಳೂ ಬರಲಿಲ್ಲ. ಅಲ್ಲೇ ಸೇರಿಸಿದ್ದಾಯಿತು. ಹಳೇ ಮನೆಯಲ್ಲಿ ನಡೆಯುವ ಚಿಕ್ಕ ಶಾಲೆ, ನಾಲ್ಕನೇ ಕ್ಲಾಸಿನವರೆಗೆ ಅಂಕವಿಲ್ಲ, ರ‍್ಯಾಂಕಿಲ್ಲ, ಹೋಂವರ್ಕಿಲ್ಲ. ಮೊಮ್ಮಗಳು ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು, ನೀರಿನ ಬಾಟಲಿ ಕಳೆದುಕೊಂಡು, ಹಾಡು ಹೇಳುತ್ತ ಮನೆಗೆ ಬರತೊಡಗಿದಳು. ಆದರೆ ಶಾಲೆ ಇಳಿಸಿದ ಭಾರವನ್ನು ಯಾರಾದರೂ ಹೊರಬೇಕಲ್ಲ. ನಮ್ಮ ಮನೆಯಲ್ಲಿ ಅದನ್ನು ನನ್ನ ಮಗ ಹೊತ್ತ.

"ಇವತ್ತೇನು ಕಲಿತೆ?" ಎಂದು ಬಾಗಿಲಲ್ಲೇ ಕೇಳುತ್ತಾನೆ. "ಆಟ ಆಡಿದೆ." "ಆಟದಲ್ಲಿ ಏನು ಕಲಿತೆ?" ನಮ್ಮೂರಿನ ತಾಯಂದಿರು ಸಂಜೆ ಗದ್ದೆಯಿಂದ ಬಂದು ಮಕ್ಕಳನ್ನು ಕೇಳುತ್ತಿದ್ದದ್ದು ಒಂದೇ: "ಉಣ್ಣಕ್ಕಿಕ್ಕಿದ್ರಾ?" ಅವರಿಗೆ ಅಕ್ಷರ ಗೊತ್ತಿರಲಿಲ್ಲ. ಕಲಿಕೆಯ ಉಸಾಬರಿಯನ್ನೆಲ್ಲ ನನಗೂ ಏಣಿಗೂ ಬಿಟ್ಟಿದ್ದರು. ಓದಿದ ತಂದೆತಾಯಿಗೆ ಹಾಗೆ ಬಿಟ್ಟುಕೊಡಲು ಬಾರದು, ಪಾಪ. ಅವರನ್ನು ಅಷ್ಟು ಚೆನ್ನಾಗಿ ಓದಿಸಿಬಿಟ್ಟಿದ್ದೇವೆ.

ಮೊನ್ನೆ ಶಾಲೆಯಿಂದ ಮೊದಲ ವರದಿ ಬಂತು. ಸಂಖ್ಯೆಯೇ ಇಲ್ಲ, ಬರೀ ವಾಕ್ಯಗಳು. 'ಗೆಳತಿಯರಿಗೆ ಪೆನ್ಸಿಲು ಕೊಡುತ್ತಾಳೆ. ಕತೆ ಅದ್ಭುತವಾಗಿ ಹೇಳುತ್ತಾಳೆ. ಮಳೆ ಬಂದರೆ ಕಿಟಕಿಯ ಹತ್ತಿರ ಹೋಗುತ್ತಾಳೆ. ಕಳೆಯುವ ಲೆಕ್ಕಕ್ಕೆ ಇನ್ನೂ ಸಮಯ ಬೇಕು.' ನಾನು ಅದನ್ನು ಓದಿ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಲೆಕ್ಕ ಶುರುವಾಗಿತ್ತು. 'ಅದ್ಭುತವಾಗಿ' ಎಂದರೆ ತೊಂಬತ್ತರ ಮೇಲೆ, 'ಚೆನ್ನಾಗಿ' ಎಂದರೆ ಎಪ್ಪತ್ತೈದು ಎಂದು ಒಬ್ಬರು ಪಟ್ಟಿ ಮಾಡಿ ಹಾಕಿದ್ದರು. ನಮ್ಮ ಮನೆಯ ಎಕ್ಸೆಲ್ ಶೀಟೂ ಮತ್ತೆ ತೆರೆದುಕೊಂಡಿತು. ಒಂದೇ ಒಂದು ವಾಕ್ಯ ಯಾವ ಕಾಲಂಗೂ ಒಗ್ಗಲಿಲ್ಲ.

"ಅಮ್ಮ, ನೀನು ಅಷ್ಟು ವರ್ಷ ಟೀಚರಾಗಿದ್ದೆ. 'ಇನ್ನೂ ಸಮಯ ಬೇಕು' ಅಂದರೆ ಏನರ್ಥ?"

"ಇನ್ನೂ ಸಮಯ ಬೇಕು ಅಂತಲೇ ಅರ್ಥ ಕಣೋ."

ಮಗ ತಲೆಯಾಡಿಸಿದ. ಒಪ್ಪಿದನೆಂದೇ ತಿಳಿದೆ. ಸ್ವಲ್ಪ ಹೊತ್ತು ಬಿಟ್ಟು, ಕೀಬೋರ್ಡಿನಿಂದ ಕೈ ತೆಗೆಯದೆ ಕೇಳಿದ: "ಅಂದಾಜು ಎಷ್ಟು ದಿನ ಅಂತ ಹಾಕ್ಲಿ?"