ಬಣ್ಣದ ಬಾತು ನೋಡಲು ಹೋಗಿ...

ಅಸ್ಸಾಮಿನ ತಿನ್‌ಸುಕಿಯಾದಲ್ಲಿ ಮ್ಯಾಂಡರಿನ್ ಬಾತು ಕಂಡ ಹಳೆಯ ದಾಖಲೆ 1902ರದು. ಅದಾದ ಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಕಡೆ ಸುಳಿವಿಲ್ಲ. 2021ರ ಫೆಬ್ರವರಿಯಲ್ಲಿ ಮಾಗುರಿ-ಮೋಟಾಪುಂಗ್ ಬೀಲ್‌ನಲ್ಲಿ ಇದ್ದಕ್ಕಿದ್ದಂತೆ ಒಂದು ಗಂಡು ಬಂದು ಕೂತಿತು. ಬೀಲ್ ಅಂದರೆ ಅಲ್ಲಿಯವರ ಭಾಷೆಯಲ್ಲಿ ನದಿಯ ಬದಿಯ ದೊಡ್ಡ ಕೆರೆ, ಜೌಗು ಎರಡೂ. ಸುದ್ದಿ ಪೇಪರಿಗೂ ಬಂತು, ಪಕ್ಷಿವೀಕ್ಷಕರ ವಾಟ್ಸಾಪ್ ಗ್ರೂಪುಗಳಿಗಂತೂ ಹಬ್ಬ.

ನಾವು ಆಗ ಸಹೋದ್ಯೋಗಿಯ ಮದುವೆಗೆಂದು ದಿಬ್ರುಗಢದಲ್ಲಿದ್ದೆವು. ಮ್ಯಾಪ್ ನೋಡಿದರೆ ಬೀಲ್‌ಗೆ ಅರವತ್ತು ಕಿಲೋಮೀಟರ್ ಕೂಡ ಇಲ್ಲ. ಮಾರನೇ ದಿನ ಮಧ್ಯಾಹ್ನ ಫ್ಲೈಟು, ವಿಮಾನ ನಿಲ್ದಾಣವೂ ಅದೇ ದಿಕ್ಕಿಗೆ. ಜೊತೆಗಿದ್ದ ಮೈಸೂರಿನ ಗೆಳೆಯನಿಗೆ ಹೇಳಿದೆ.

"ಲೋ, ಬಾತುಕೋಳಿ ನೋಡೋಕೆ ಬೆಳಗ್ಗೆ ನಾಲ್ಕಕ್ಕೆ ಏಳ್ಬೇಕಾ? ನಮ್ಮ ಕುಕ್ಕರಹಳ್ಳಿ ಕೆರೇಲೇ ಬೇಕಾದಷ್ಟು ಇದಾವಲ್ಲೋ!"

ಬೈದುಕೊಂಡೇ ಎದ್ದ, ಬಂದ. ಈಶಾನ್ಯದಲ್ಲಿ ಸೂರ್ಯನಿಗೆ ನಮಗಿಂತ ಅವಸರ. ಚಬುವಾ ದಾಟುವಾಗಲೇ ಚಹಾ ತೋಟಗಳ ಮೇಲಿನ ಮಂಜು ಬೆಳ್ಳಗಾಗಿತ್ತು. ತಿನ್‌ಸುಕಿಯಾ ಪೇಟೆ ದಾಟಿ ಇನ್ನೊಂದಿಷ್ಟು ದೂರ ಹೋದರೆ ಬೀಲ್. ದಡದಲ್ಲಿ ಕಿರಿದಾದ ಮರದ ದೋಣಿಗಳು ಸಾಲಾಗಿ ನಿಂತಿದ್ದವು. ದೋಣಿಯವರು ನಮ್ಮ ಕೊರಳಿನ ಬೈನಾಕ್ಯುಲರ್ ನೋಡಿದ್ದೇ, ಏನೂ ಕೇಳದೆ "ಮ್ಯಾಂಡರಿನ್?" ಅಂದರು.

ಬಿದಿರಿನ ಗಳು ಊರಿಕೊಂಡು ಅಂತರಗಂಗೆಯ ನಡುವೆ ದೋಣಿ ನುಗ್ಗಿಸುತ್ತಾ ಹೋದರು. ಮುಕ್ಕಾಲು ಗಂಟೆ ಏನೂ ಇಲ್ಲ. ಏನೂ ಇಲ್ಲ ಅಂದರೆ, ಆ ಬಾತು ಇಲ್ಲ. ಉಳಿದಂತೆ ನೂರಾರು ಹಕ್ಕಿಗಳಿದ್ದವು. ಬ್ರಾಹ್ಮಿಣಿ ಬಾತುಗಳು, ಸೂಜಿಬಾಲದ ಬಾತುಗಳು, ನೀರ ಮೇಲೆ ಎಲೆಯಿಂದ ಎಲೆಗೆ ಓಡುವ ದೇವನಕ್ಕಿಗಳು. ಬೇರೆ ದಿನವಾಗಿದ್ದರೆ ಒಂದೊಂದಕ್ಕೂ ಹತ್ತು ಫೋಟೊ ತೆಗೆಯುತ್ತಿದ್ದೆ. ಅವತ್ತು ಎಲ್ಲವನ್ನೂ "ಇದಲ್ಲ, ಇದಲ್ಲ" ಅಂತ ದಾಟಿಸಿಬಿಟ್ಟೆ.

ಆಮೇಲೆ ದೋಣಿಯವರು ಗಳು ತಡೆದು, ಗಲ್ಲ ಎತ್ತಿ ತೋರಿಸಿದರು. ಬೂದು ಬಣ್ಣದ ಬಾತುಗಳ ಗುಂಪಿನ ಅಂಚಿನಲ್ಲಿ ಒಂದು ಕಿಡಿ. ಕೆಂಪು ಕೊಕ್ಕು, ಕಣ್ಣಿನ ಮೇಲೆ ಅಗಲದ ಬಿಳಿ ಪಟ್ಟೆ, ಕೆನ್ನೆಯಿಂದ ಇಳಿಬಿದ್ದ ಕಿತ್ತಳೆ ಗಡ್ಡ, ನೇರಳೆ ಎದೆ, ಬೆನ್ನ ಮೇಲೆ ಹಾಯಿಯ ಹಾಗೆ ಎದ್ದು ನಿಂತ ಎರಡು ಗರಿ. ಚೌಕಿಯಿಂದ ಈಗತಾನೆ ರಂಗಸ್ಥಳಕ್ಕೆ ಬಂದ ಯಕ್ಷಗಾನದ ವೇಷದಂತೆ. ಮೈಸೂರಿನವನು ನನ್ನ ಬೈನಾಕ್ಯುಲರ್ ಕಿತ್ತುಕೊಂಡ. ವಾಪಸ್ ಕೊಡಲೇ ಇಲ್ಲ.

ಒಂದು ಮಾತು ಹೇಳಬೇಕು. ಈ ಹಕ್ಕಿ ಜಗತ್ತಿನ ಲೆಕ್ಕದಲ್ಲಿ ಅಪರೂಪದ್ದಲ್ಲ. ರಷ್ಯಾದ ಪೂರ್ವ ತುದಿ, ಚೀನಾ, ಕೊರಿಯಾ, ಜಪಾನ್ ಇದರ ತವರು. ಸಾಕಿದವರಿಂದ ತಪ್ಪಿಸಿಕೊಂಡವು ಬ್ರಿಟನ್ನಿನ ಕೆರೆಗಳಲ್ಲೂ ಸಂಸಾರ ಹೂಡಿವೆ. 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಾಣಿಸಿಕೊಂಡ ಒಂದು ಗಂಡಂತೂ ಅಲ್ಲಿ ಸೆಲೆಬ್ರಿಟಿಯೇ ಆಗಿತ್ತು. ಮಾಗುರಿಗೆ ಬಂದದ್ದು ದಾರಿ ತಪ್ಪಿದ ಅತಿಥಿ, ಅಷ್ಟೇ.

ನಿಜವಾಗಿ ಅಪರೂಪದ ಬಾತು ಅದೇ ಸೀಮೆಯದು. ಬಿಳಿರೆಕ್ಕೆಯ ಕಾಡುಬಾತು, ಅಸ್ಸಾಮಿನ ರಾಜ್ಯಪಕ್ಷಿ. ಅಲ್ಲಿನವರು ಅದನ್ನು ದೇವ್ ಹಾಂಹ್ ಅನ್ನುತ್ತಾರೆ. ಕಾಡಿನ ಕತ್ತಲಲ್ಲಿ ಭೂತ ಕೂಗಿದ ಹಾಗೆ ಕೂಗುತ್ತದಂತೆ, ಅದಕ್ಕೇ ಆ ಹೆಸರು. ದಟ್ಟ ಕಾಡಿನ ನಡುವಿನ ನಿಶ್ಶಬ್ದ ಹೊಂಡಗಳೇ ಬೇಕು, ಹಳೆಯ ಮರಗಳ ಪೊಟರೆಯಲ್ಲೇ ಗೂಡು. ಕಾಡು ಕಡಿದಂತೆ ಅದೂ ಕರಗಿತು. ಇಡೀ ಜಗತ್ತಿನಲ್ಲಿ ಈಗ ಸಾವಿರವೂ ಇಲ್ಲ. ಬೀಲ್‌ನ ಪಕ್ಕದ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ ಅದರ ಕೊನೆಯ ನೆಲೆಗಳಲ್ಲೊಂದು. "ಅದನ್ನ ನೋಡೋಕೆ ಜನ ಬರ್ತಾರಾ?" ಅಂತ ಕೇಳಿದೆ. ದೋಣಿಯವರು ನಕ್ಕರು. "ಅದಕ್ಕೆ ಬಣ್ಣ ಇಲ್ವಲ್ಲ ದಾದಾ" ಅಂದರು, ಹಿಂದಿಯಲ್ಲಿ.

ಹಿಂತಿರುಗುವಾಗ ಅವರಾಗೇ ಮಾತಾಡಿದರು. ಹಿಂದಿನ ವರ್ಷ, 2020ರ ಮೇ 27ರಂದು, ಬೀಲ್‌ನ ಹತ್ತಿರದ ಬಾಘಜಾನ್‌ನಲ್ಲಿ ಅನಿಲ ಬಾವಿ ಸಿಡಿಯಿತು. ಜೂನ್ 9ಕ್ಕೆ ಬೆಂಕಿ ಹತ್ತಿತು. ಬೆಂಕಿ ಆರಿಸಲು ಹೋದ ಇಬ್ಬರು ಸತ್ತರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಬಾವಿಯನ್ನು ಪೂರ್ತಿ ಮುಚ್ಚುವಷ್ಟರಲ್ಲಿ ನವೆಂಬರ್. ನೀರಿನ ಮೇಲೆಲ್ಲ ಎಣ್ಣೆ ಪದರ, ಸತ್ತ ಮೀನು. ಒಂದು ಗಂಗಾ ಡಾಲ್ಫಿನ್ನೂ ಸತ್ತು ತೇಲಿತ್ತು. ಮಾಗುರ್ ಮೀನಿನಿಂದಲೇ ಹೆಸರು ಪಡೆದ ಕೆರೆಯಲ್ಲಿ ಮೀನು ಹಿಡಿಯುವವರಿಗೆ ಕೆಲಸವಿಲ್ಲ. ಕೊರೋನಾದಿಂದ ಪ್ರವಾಸಿಗರೂ ಇಲ್ಲ.

"ಈ ಬಾತು ಬಂದ ಮೇಲೆ ದಿನಾ ದೋಣಿ ಇಳಿಸ್ತಾ ಇದೀನಿ" ಅಂದರು. ಗೆಳೆಯ ಏನೂ ಮಾತಾಡಲಿಲ್ಲ. ದಡದಲ್ಲಿ ಅವರು ಹೇಳಿದ ದುಡ್ಡಿಗಿಂತ ಜಾಸ್ತಿ ಕೊಡಲು ಹೋದರೆ ಬೇಡವೆಂದು, "ಇನ್ನೊಂದ್ಸಲ ಬನ್ನಿ, ಸಾಕು" ಅಂದರು.

ನೀವು ಹೋಗುವುದಾದರೆ ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ತಿನ್‌ಸುಕಿಯಾಕ್ಕೆ ರೈಲಿದೆ, ದಿಬ್ರುಗಢಕ್ಕೆ ವಿಮಾನವೂ ಇದೆ. ಮೋಟಾರ್ ದೋಣಿ ಬೇಡ, ಗಳು ಹಾಕುವ ದೋಣಿಯನ್ನೇ ಕೇಳಿ, ಹಕ್ಕಿಗಳು ಹೆದರುವುದಿಲ್ಲ. ಮ್ಯಾಂಡರಿನ್ ಸಿಗುತ್ತದೆಂದು ಹೋಗಬೇಡಿ. ದೇವ್ ಹಾಂಹ್ ಬಗ್ಗೆ ಸ್ಥಳೀಯ ಗೈಡುಗಳನ್ನು ವಿಚಾರಿಸಿ, ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ. ನಮಗಿದ್ದದ್ದು ಅರ್ಧ ದಿನ. ಅದರಲ್ಲೂ ಇಪ್ಪತ್ತು ನಿಮಿಷ ಚಹಾ ತೋಟದ ಪಕ್ಕದ ಅಂಗಡಿಯಲ್ಲಿ, ಹಾಲಿಲ್ಲದ ಕೆಂಪು ಚಹಾ ಕುಡಿಯುತ್ತಾ, ಯಾರ ಫೋಟೊದಲ್ಲಿ ಬಾತು ಫೋಕಸ್ ಆಗಿದೆ ಅಂತ ಜಗಳಾಡುವುದರಲ್ಲೇ ಹೋಯಿತು.